ಬೇಕಿರುವುದು ಲಿಫ್ಟು, ಬಿಡಹೊರಟಿರುವುದು ಊರು

ಓದುಗರ ಪತ್ರದ ಸಾರ: ಮುಂಬಯಿಯ ಮುಲುಂಡಿನ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ, ದೀರ್ಘ ಪತ್ರ ಬರೆದಿದ್ದಾರೆ. ಅವರಿಗೆ 72 ವರ್ಷ, ಬ್ಯಾಂಕಿನಿಂದ ನಿವೃತ್ತರು. ಪತ್ನಿಗೆ 68, ಮಂಡಿನೋವು. ಮನೆ ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ಕಟ್ಟಡದ ವಸತಿ ಸೊಸೈಟಿಯಲ್ಲಿ ರೀಡೆವಲಪ್‌ಮೆಂಟಿನ, ಅಂದರೆ ಹಳೆಯದನ್ನು ಕೆಡವಿ ಹೊಸದು ಕಟ್ಟಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಅಮೆರಿಕದಲ್ಲಿರುವ ಮಗ ಪುಣೆಯ ಹೊರವಲಯದ ಹಿರಿಯರ ವಸತಿ ಸಮುಚ್ಚಯವೊಂದರ ವಿವರ ಕಳುಹಿಸಿ, ಮುಲುಂಡಿನ ಮನೆ ಮಾರಿ ಅಲ್ಲಿಗೆ ಹೋಗಿ ಎನ್ನುತ್ತಿದ್ದಾನೆ. "ಇದು ವೃದ್ಧಾಶ್ರಮವಲ್ಲ ಎಂದು ಎಷ್ಟು ಹೇಳಿದರೂ ನನ್ನ ಹೆಂಡತಿ ಒಪ್ಪುತ್ತಿಲ್ಲ. ಸಾಧಕ ಬಾಧಕಗಳನ್ನು ತೂಗಿ ನೀವೇ ಒಂದು ಮಾತು ಹೇಳಿ" ಎನ್ನುವುದು ಅವರ ಕೋರಿಕೆ.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರ ಓದಿ ಸಂತೋಷವೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ನಮ್ಮವರು ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಆಡುವ ವಿಷಯವನ್ನು ನೀವು ಕಾಗದದ ಮೇಲೆ ಇಟ್ಟಿರುವುದು ಸಂತೋಷದ ಸಂಗತಿ. ಸಿಟ್ಟು ಬಂದದ್ದು ನೀವು ಜೊತೆಗೆ ಲಗತ್ತಿಸಿದ ಪಟ್ಟಿಯನ್ನು ನೋಡಿ. ಎಡಕ್ಕೆ ಅನುಕೂಲ, ಬಲಕ್ಕೆ ಅನನುಕೂಲ ಎಂದು ಗೆರೆ ಎಳೆದು, ಬ್ಯಾಂಕಿನ ಶಿಸ್ತಿನಲ್ಲೇ ಬರೆದಿದ್ದೀರಿ. ಈಜುಕೊಳ ಎಡಕ್ಕಿದೆ, ಮುಂಬಯಿಗೆ ಬಂದುಹೋಗುವ ಟ್ಯಾಕ್ಸಿಯ ಖರ್ಚು ಬಲಕ್ಕಿದೆ. ನಿಮ್ಮ ಪತ್ನಿಯವರ ಅನಿಚ್ಛೆ ಮಾತ್ರ ಎರಡೂ ಕಡೆ ಇಲ್ಲ. ಅದು ಪತ್ರದ ಕೊನೆಯಲ್ಲಿ, ನಿವಾರಿಸಬೇಕಾದ ತೊಡಕಿನ ರೂಪದಲ್ಲಿ ಬಂದಿದೆ.

ಅಂಥ ಸಮುಚ್ಚಯಗಳ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಕಟ್ಟಡ ವ್ಯವಹಾರದ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2024ರಲ್ಲಿ ತನ್ನದೇ ನಿಯಮಗಳನ್ನು ತಂದಿತು. ಗಾಲಿಕುರ್ಚಿ ಸಲೀಸಾಗಿ ದಾಟುವಂತೆ 900 ಮಿಲಿಮೀಟರ್ ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿಕೆ, ಜಾರದ ನೆಲಹಾಸು, ಕೈಗೆಟಕುವ ತುರ್ತು ಗಂಟೆ, ಮೆಟ್ಟಿಲಿಲ್ಲದ ಓಣಿ, ಇವೆಲ್ಲ ಕಾಗದದ ಮೇಲಾದರೂ ಈಗ ಇವೆ. ಪ್ಲಂಬರನಿಗಾಗಿ ಮೂರು ದಿನ ಕಾಯುವ ಕಷ್ಟ ಅಲ್ಲಿಲ್ಲ. ಅಡುಗೆಮನೆಯಲ್ಲೇ ಆಯುಷ್ಯ ಕಳೆದ ಹೆಂಗಸಿಗೆ ಹೊತ್ತುಹೊತ್ತಿಗೆ ಬೇರೆಯವರು ಬಡಿಸುವ ಊಟ ಸಣ್ಣ ಸುಖವಲ್ಲ. ಮಕ್ಕಳಿಲ್ಲದವರಿಗೆ, ಇದ್ದೂ ಇಲ್ಲದವರಿಗೆ, ಬೇರೆಲ್ಲಿಯೂ ಬೇರು ಬಿಡದೆ ವರ್ಗಾವಣೆಯಲ್ಲೇ ಬಾಳಿದವರಿಗೆ ಅದು ಒಳ್ಳೆಯ ಏರ್ಪಾಡು. ಅದನ್ನು ವೃದ್ಧಾಶ್ರಮವೆಂದು ಹಳಿಯುವವರ ಸಾಲಿನಲ್ಲಿ ನಾನಿಲ್ಲ.

ಆದರೆ ನೀವು ಆ ಪೈಕಿಯವರಲ್ಲ. ನಿಮ್ಮ ಪತ್ರದಲ್ಲಿ ನೀವು ಹೇಳಿಕೊಂಡ ಕಷ್ಟಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದರೆ ಉಳಿಯುವುದು ಮೆಟ್ಟಿಲು. ತರಕಾರಿ ತರುವುದು ಕಷ್ಟ, ಮೆಟ್ಟಿಲಿನಿಂದ. ಡಾಕ್ಟರರಲ್ಲಿಗೆ ಹೋಗುವುದು ಕಷ್ಟ, ಮೆಟ್ಟಿಲಿನಿಂದ. ಭಜನಾ ಮಂಡಳಿಯ ಶನಿವಾರದ ಭಜನೆ ತಪ್ಪಿದ್ದು ಮೆಟ್ಟಿಲಿನಿಂದ. ಇದಕ್ಕೆ ಒಂದು ಲಿಫ್ಟು ಸಾಕು. ಲಿಫ್ಟ್ ಇರುವ ಕಟ್ಟಡಗಳು ಮುಲುಂಡಿನಲ್ಲಿ ಬೇಕಾದಷ್ಟಿವೆ. ಈಗಿನ ಮನೆಯನ್ನು ಕಾಲು ಗಟ್ಟಿಯಿರುವ ಎಳೆಯ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಆ ಹಣಕ್ಕೆ ಇನ್ನಷ್ಟು ಸೇರಿಸಿ, ಅದೇ ಪೇಟೆಯಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ಬಾಡಿಗೆಗೆ ಇರಬಹುದೆಂಬ ಯೋಚನೆ ನಿಮ್ಮ ಪಟ್ಟಿಯಲ್ಲೇ ಇಲ್ಲ. ಇನ್ನು ಸೊಸೈಟಿಯ ಮಾತು: 2019ರ ಸರ್ಕಾರಿ ಆದೇಶದ ಪ್ರಕಾರ ರೀಡೆವಲಪ್‌ಮೆಂಟಿಗೆ ಶೇಕಡಾ 51ರಷ್ಟು ಸದಸ್ಯರ ಒಪ್ಪಿಗೆ ಸಾಕು. ನೆಲಮಹಡಿಯ ನಾಲ್ವರು ಗೊಣಗುತ್ತಿದ್ದಾರೆಂದು ನೀವು ಊರು ಬಿಡಬೇಕಿಲ್ಲ. ಮುಂದಿನ ಮಹಾಸಭೆಗೆ ಹೋಗಿ ಕುಳಿತುಕೊಳ್ಳಬೇಕು, ಅಷ್ಟೆ. ಆಯುಷ್ಯವೆಲ್ಲ ಬಾಕಿ ವಸೂಲಿ ಮಾಡಿದ ನಿಮಗೆ ಐವತ್ತೊಂದನ್ನು ಒಟ್ಟುಗೂಡಿಸುವುದು ಹೇಗೆಂದು ನಾನು ಹೇಳಿಕೊಡಬೇಕೆ?

ನನ್ನ ಪರಿಚಯದ ದಂಪತಿಗಳೊಬ್ಬರು ಚೆಂಬೂರಿನ ಮನೆ ಮಾರಿ ಪುಣೆಯಾಚೆಗಿನ ಅಂಥದೊಂದು ಸಮುಚ್ಚಯಕ್ಕೆ ಹೋದರು. ಅಚ್ಚುಕಟ್ಟಾದ ಜಾಗ; ನಾನೂ ಹೋಗಿ ಉಂಡು ಬಂದಿದ್ದೇನೆ. ಮೊದಲ ವರ್ಷ ಅವರಿಂದ ಬಂದ ಫೋಟೋಗಳೆಲ್ಲ ಗುಲಾಬಿ ತೋಟದವು. ಆಮೇಲೆ ಅವರು ಏನಾದರೊಂದು ನೆಪ ಮಾಡಿಕೊಂಡು ಮುಂಬಯಿಯಲ್ಲಿ ದಕ್ಷಿಣದವರ ಪೇಟೆಯಾದ ಮಾಟುಂಗಾಕ್ಕೆ ಬರತೊಡಗಿದರು. ಮಂಗಳೂರು ಸೌತೆ, ಕೆಸುವಿನೆಲೆ ಎಂದು ಚೀಲ ತುಂಬಿಸಿಕೊಂಡು, ಕಾಫಿ ಕುಡಿಯುತ್ತ ಒಮ್ಮೆ ಆ ಹಿರಿಯರು ನನಗೆ ಹೇಳಿದರು: "ಅಲ್ಲಿ ಎಲ್ಲರೂ ಒಳ್ಳೆಯವರು ಮಾರಾಯ್ರೇ. ಜಗಳಕ್ಕೆ ಒಬ್ಬರೂ ಸಿಗುವುದಿಲ್ಲ." ಅವರು ನಗುತ್ತಲೇ ಹೇಳಿದ್ದು, ಆದರೆ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಎಲ್ಲರೂ ಒಂದೇ ಪ್ರಾಯದವರಾದ್ದರಿಂದ ಕ್ಲಬ್‌ಹೌಸಿನ ಫಲಕದಲ್ಲಿ ಹುಟ್ಟುಹಬ್ಬದ ಚೀಟಿಯ ಪಕ್ಕದಲ್ಲೇ ಶ್ರದ್ಧಾಂಜಲಿಯ ಚೀಟಿ ಇರುತ್ತದಂತೆ, ಮತ್ತು ಅದನ್ನು ನೋಡದೆ ಊಟದ ಹಾಲಿಗೆ ಹೋಗುವ ದಾರಿ ಬೇರೆ ಇಲ್ಲವಂತೆ.

ವಡಾಲಾದಲ್ಲಿ ನನಗೆ ತಿಳಿದ ನಿವೃತ್ತ ಶಿಕ್ಷಕಿಯೊಬ್ಬರ ಸಂಗತಿ ಬೇರೆ. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಮುಂಬಯಿಯಲ್ಲಿ ಬೆಳಗ್ಗೆ ಪೂಜೆಯ ಹೂವಿನ ಪೊಟ್ಟಣವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುವ ಹುಡುಗರು ನಿಮಗೆ ಗೊತ್ತೇ ಇದ್ದಾರೆ. ನಿನ್ನೆಯ ಪೊಟ್ಟಣ ಹಾಗೆಯೇ ಇರುವುದನ್ನು ಕಂಡ ಅಂಥ ಹುಡುಗನೊಬ್ಬ ಪಕ್ಕದ ಮನೆಯವರನ್ನು ಎಬ್ಬಿಸಿದ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ ಆ ತಾಯಿ ಬದುಕಿಕೊಂಡರು. ತುರ್ತು ಗಂಟೆ ಇದ್ದಿದ್ದರೆ ಹಿಂದಿನ ದಿನವೇ ಒತ್ತಬಹುದಿತ್ತಲ್ಲ ಎಂದು ನಿಮ್ಮ ಮಗ ಕೇಳಿಯಾನು. ಸರಿಯಾದ ಪ್ರಶ್ನೆಯೇ. ಹಾಗಾದರೆ ಗಂಟೆಯನ್ನು ವಡಾಲಾದ ಬಚ್ಚಲಿಗೇ ಹಾಕಿಸೋಣ. ಗಂಟೆ, ಹಿಡಿಕೆ, ಜಾರದ ನೆಲ ಇವನ್ನೆಲ್ಲ ಕೆಲಸದವರನ್ನು ಕರೆಸಿ ಮಾಡಿಸಿಕೊಳ್ಳಬಹುದು. ಹೂವಿನ ಹುಡುಗನನ್ನು ಮಾತ್ರ ಯಾವ ಕಂಟ್ರಾಕ್ಟರನೂ ತಂದುಕೊಡಲಾರ.

ಭಾಷೆಯ ವಿಷಯವನ್ನು ಬಿಟ್ಟು ನಾನು ಮುಂದೆ ಹೋಗಲಾರೆನೆಂದು ಈ ಪತ್ರಿಕೆಯನ್ನು ಬಲ್ಲವರಿಗೆ ಗೊತ್ತು. ನಮಗೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ಆ ಕಾರಣಕ್ಕೆ ಎಲ್ಲಿ ಬೇಕಾದರೂ ಇರಬಲ್ಲೆವೆಂದು ತಿಳಿದಿದ್ದೇವೆ. ಆದರೆ ಮರೆವಿನ ರೋಗ ಬಂದಾಗ ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಎಳವೆಯ ಮಾತು ಕೊನೆಗೆ ಉಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಧಾರವಾಡದ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಸೊಗಸಾದ ಮರಾಠಿಯಲ್ಲಿ ಟಿಪ್ಪಣಿ ಬರೆಯುತ್ತಿದ್ದ ಹಿರಿಯರೊಬ್ಬರನ್ನು ಕೊನೆಗಾಲದಲ್ಲಿ ಒಂದು ಆರೈಕೆ ಮನೆಯಲ್ಲಿ ಇಟ್ಟಿದ್ದರು. ಅವರು ದಿನವಿಡೀ ಬಡಬಡಿಸುತ್ತಾರೆಂದು ಅಲ್ಲಿಯವರು ದೂರುತ್ತಿದ್ದರು. ನೋಡಲು ಹೋದ ನಮ್ಮಲ್ಲೊಬ್ಬರಿಗೆ ತಿಳಿಯಿತು, ಅವರು ಮಜ್ಜಿಗೆ ಕೇಳುತ್ತಿದ್ದರು. ನೋಡಿಕೊಳ್ಳುವವರ ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೆ ಕನ್ನಡ ಹೇಗೆ ಬರಬೇಕು? ಆದರೆ ನಿಮ್ಮ ಮಗ ಸೂಚಿಸಿರುವ ಸಮುಚ್ಚಯದಲ್ಲಿ ಕನ್ನಡದವರು ಯಾರಿದ್ದಾರೆಂದು ನಿಮ್ಮ ಪಟ್ಟಿಯಲ್ಲಿ ಬರೆದಿಲ್ಲ. ಮುಲುಂಡಿನಲ್ಲಿ ಸ್ಲೋ ಲೋಕಲ್ ಹತ್ತಿದರೆ ಮಾಟುಂಗಾ. ಅಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘವೂ ದೂರವಿಲ್ಲ. ನಿಮ್ಮ ಪತ್ನಿಯವರು ಬಿಡಲೊಲ್ಲದ್ದು ಇದನ್ನೂ ಇರಬಹುದು. ಅವರನ್ನು ಕೇಳಿದಿರಾ?

ಇಂಥ ಸಮುಚ್ಚಯಗಳ ಜಾಹೀರಾತುಗಳಲ್ಲಿ ವಾನಪ್ರಸ್ಥದ ಹೆಸರು ಹೇಳುವುದೊಂದು ರೂಢಿಯಾಗಿದೆ. ಹೇಳುವವರು ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ಒಮ್ಮೆ ಓದಬೇಕು. ಧೃತರಾಷ್ಟ್ರ ಯುಧಿಷ್ಠಿರನ ಆಶ್ರಯದಲ್ಲಿ ಹದಿನೈದು ವರ್ಷ ಇದ್ದು, ಭೀಮನ ಚುಚ್ಚುಮಾತು ತಾಳಲಾರದೆ ಕಾಡಿಗೆ ಹೊರಟವನು. ಅವನ ಮಾತು ಬಿಡಿ, ಕುಂತಿಯನ್ನು ನೋಡಿ. ಗೆದ್ದ ಮಕ್ಕಳು, ತುಂಬಿದ ಅರಮನೆ. ಬೇಡವೆಂದು ಮಕ್ಕಳು ಅಂಗಲಾಚಿದರೂ ಕೇಳದೆ ಗಾಂಧಾರಿಗೆ ಹೆಗಲು ಕೊಟ್ಟು ನಡೆದಳು. ಹೋಗುವ ಮನಸ್ಸು ಅವಳದಾಗಿತ್ತು, ತಡೆದವರು ಮಕ್ಕಳು. ನಿಮ್ಮ ಮನೆಯಲ್ಲಿ ಹೋಗಿ ಎನ್ನುವವನು ಮಗ, ತಡೆಯುತ್ತಿರುವವರು ತಾಯಿ.

ಇದು ನಮ್ಮ ಹಳೆಯ ಪದ್ಧತಿಯ ಹೊಸ ರೂಪವೆಂಬುದೂ ನಂಬುವಂಥದ್ದಲ್ಲ. 1960ರ ಜನವರಿ 1ರಂದು ಅಮೆರಿಕದ ಅರಿಝೋನಾದಲ್ಲಿ ಸನ್ ಸಿಟಿ ತೆರೆಯಿತು. ಹಿರಿಯರಿಗೆಂದೇ ಕಟ್ಟಿದ ಊರಿನ ಕಲ್ಪನೆ ಅಲ್ಲಿಂದ ಜನಪ್ರಿಯವಾಯಿತು. ಈಚೆಗೆ ಪಶ್ಚಿಮದಲ್ಲಿಯೇ ಗಾಳಿ ತಿರುಗಿದೆ. ನೆದರ್ಲೆಂಡ್ಸಿನ ಡೆವೆಂಟರ್ ಎಂಬ ಊರಿನ ಹಿರಿಯರ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತಾರೆ. ತಿಂಗಳಿಗೆ 30 ಗಂಟೆ ಹಿರಿಯರೊಡನೆ ಒಳ್ಳೆಯ ನೆರೆಯವರಂತೆ ಕಳೆಯಬೇಕೆಂಬುದೊಂದೇ ಷರತ್ತು. ಎಳೆಯರನ್ನು ಅವರು ಹುಡುಕಿ ಕರೆತರುತ್ತಿದ್ದಾರೆ. ನಮ್ಮ ಕಟ್ಟಡಗಳ ಮೆಟ್ಟಿಲ ಮೇಲೆ ಕ್ರಿಕೆಟ್ ಬ್ಯಾಟು ಹಿಡಿದ ಮಕ್ಕಳು ಪುಕ್ಕಟೆ ಸಿಗುತ್ತಾರೆ, ನಾವು ಅವರ ಗದ್ದಲದಿಂದ ಪಾರಾಗಲು ಕೋಟಿ ಕೊಡಲು ಸಿದ್ಧರಿದ್ದೇವೆ.

ಹಣದ ವಿಷಯದಲ್ಲಿ ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ, ಆದರೂ ಕೆಲವನ್ನು ಎತ್ತುತ್ತೇನೆ. ಕೆಲವು ಕಡೆ ಮನೆ ನಿಮ್ಮ ಹೆಸರಿಗಾಗುತ್ತದೆ, ಕೆಲವು ಕಡೆ ದೊಡ್ಡ ಡಿಪಾಸಿಟ್ ಇಟ್ಟು ಇರುವ ಹಕ್ಕಷ್ಟೇ ಸಿಗುತ್ತದೆ. ಎರಡನೆಯದಾದರೆ ಹಳೆಯ ಮನೆ ಮಾರಿದ ಲಾಭದ ಮೇಲಿನ ತೆರಿಗೆಗೆ ಹೊಸ ಮನೆ ಕೊಂಡವರಿಗೆ ಸಿಗುವ ವಿನಾಯಿತಿ ದಕ್ಕುವುದು ಕಷ್ಟ. ಮೊದಲನೆಯದಾದರೆ, ಅನೇಕ ಕಡೆ ವಾಸಕ್ಕೆ ವಯಸ್ಸಿನ ಮಿತಿ ಇರುವುದರಿಂದ ಮಗ ಆ ವಯಸ್ಸಿಗೆ ಬರುವತನಕ ಅದರಲ್ಲಿ ಇರಲಾರ, ಮಾರಹೋದರೂ ವಾಸಕ್ಕೆ ಬರುವವರು ಹಿರಿಯರೇ ಆಗಬೇಕು. ವಸತಿ ಸಂಘದ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ತಲೆಹಾಕುತ್ತದೆ, ಇಂಥ ಕಡೆ ಅದು ದಾಟುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯ, ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅಲ್ಲೇ ಇರಬಹುದೇ, ಬೇರೆಡೆಗೆ ಹೋಗಬೇಕೇ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿ ಇರಬೇಕು. ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆಂದೇ ಕಟ್ಟಿದ ಮನೆಗಳು ಬಹಳ. ಮಗನ ಹೆಸರಿಗೆ ಏನನ್ನಾದರೂ ದಾನಪತ್ರ ಮಾಡುವುದಿದ್ದರೆ, ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿ. ಮಾತು ತಪ್ಪಿದರೆ ದಾನವನ್ನು ರದ್ದು ಮಾಡಿಸಲು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನ ಬಲ ಆಗ ನಿಮಗಿರುತ್ತದೆ. ಮಗನ ಮೇಲೆ ಅನುಮಾನವೆಂದಲ್ಲ. ನೀವು ಸಾಲ ಕೊಡುವಾಗ ಎಲ್ಲರ ಬಳಿಯೂ ಸಹಿ ಕೇಳಿದವರು.

ಇನ್ನು ನನ್ನ ದೂರು. ಹಿರಿಯರು ಊರಾಚೆಯ ಗೇಟಿನೊಳಗೆ ಹೋಗಲು ಹಾತೊರೆಯುವಂತೆ ಈ ಊರೇ ಮಾಡಿದೆ. ಫುಟ್‌ಪಾತಿನಲ್ಲಿ ನಡೆಯುವಂತಿಲ್ಲ, ಸ್ಟೇಷನ್ನಿನ ಸೇತುವೆ ಹತ್ತುವಂತಿಲ್ಲ. ರೈಲಿನಲ್ಲಿ ಗಂಡಸರಿಗೆ ಶೇಕಡಾ 40, ಹೆಂಗಸರಿಗೆ ಶೇಕಡಾ 50ರ ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಸೋಂಕಿನ ನೆಪದಲ್ಲಿ ಹೋದದ್ದು ಸೋಂಕು ಹೋದ ಮೇಲೂ ಬರಲಿಲ್ಲ. ಸರ್ಕಾರವನ್ನು ಬಯ್ದು ಸುಮ್ಮನಾಗಬಹುದಿತ್ತು. ಆದರೆ ನಾವೇನು ಮಾಡಿದೆವು? ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ಒಂದು ಕಾಲದಲ್ಲಿ ರಾತ್ರಿಶಾಲೆ ತೆರೆದರು. ಅಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲೀಕರಾದರು. ಆ ಹುಡುಗರೇ ಇಂದು ಮುದುಕರು. ಅವರಿಗೆ ನಮ್ಮ ಸಂಘಗಳು ಕೊಡುತ್ತಿರುವುದು ನವೆಂಬರಿನಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಔಷಧಿಗೆ ನೆರವು ನೀಡುವ ಸಂಘಗಳಿವೆ, ಅವುಗಳನ್ನು ಮರೆತಿಲ್ಲ. ಆದರೆ ಬಾಡಿಗೆಗೆ ಸಿಗುವ ಲಿಫ್ಟ್ ಮನೆಗಳ ಒಂದು ಪಟ್ಟಿ, ಆಸ್ಪತ್ರೆಗೆ ಜೊತೆಯಾಗಿ ಹೋಗುವ ಹತ್ತು ಜನ ಎಳೆಯರು, ಮಧ್ಯಾಹ್ನದ ಊಟದ ಒಂದು ಡಬ್ಬಿ, ಇಷ್ಟನ್ನು ಏರ್ಪಡಿಸಲು ಭವನ ಬೇಕಿಲ್ಲ, ಅಡಿಗಲ್ಲು ಸಮಾರಂಭವೂ ಬೇಕಿಲ್ಲ. ಬಹುಶಃ ಅದಕ್ಕಾಗಿಯೇ ಯಾರೂ ಮಾಡುತ್ತಿಲ್ಲ. 1890ರಿಂದ ಡಬ್ಬಾವಾಲಾಗಳು ಮನೆಯೂಟ ಹೊತ್ತು ತಿರುಗುತ್ತಿರುವ ಊರಿದು. ಬೀದಿಬೀದಿಯಲ್ಲಿ ನಮ್ಮವರ ಹೋಟೆಲುಗಳಿರುವ ಊರಿದು. ಇಲ್ಲಿಯ ಕನ್ನಡಿಗ ದಂಪತಿಗಳು ಬಿಸಿ ಸಾರನ್ನಕ್ಕಾಗಿ ಘಾಟಿ ಹತ್ತಿ ಪುಣೆಗೆ ಹೋಗಬೇಕೆಂದರೆ ಅದು ಸಂಘಗಳ ಪದಾಧಿಕಾರಿಗಳು ತಲೆ ತಗ್ಗಿಸಬೇಕಾದ ವಿಷಯ.

ಇಷ್ಟಾದ ಮೇಲೂ ನಿಮ್ಮ ಮನಸ್ಸು ಅಲ್ಲಿಗೇ ಎಳೆದರೆ ಮುಲುಂಡಿನ ಮನೆಯನ್ನು ಮಾತ್ರ ಈಗಲೇ ಮಾರಬೇಡಿ. ಅಂಥ ಹಲವು ಸಮುಚ್ಚಯಗಳಲ್ಲಿ ಕೆಲವು ವಾರ ಅತಿಥಿಗಳಾಗಿ ಇದ್ದು ನೋಡುವ ವ್ಯವಸ್ಥೆಯಿದೆ. ಜನವರಿಯಲ್ಲಿ ಹೋಗಬೇಡಿ, ಆಗ ಎಲ್ಲ ಜಾಗವೂ ಚೆನ್ನಾಗಿರುತ್ತದೆ. ಜುಲೈಯಲ್ಲಿ ಹೋಗಿ, ಇಬ್ಬರೂ ಹೋಗಿ. ಅಲ್ಲಿಂದ ತುರ್ತು ಚಿಕಿತ್ಸೆಯುಳ್ಳ ಆಸ್ಪತ್ರೆಗೆ ಮಳೆಯ ರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರ ಕಚೇರಿಯಲ್ಲಿ ಕೇಳದೆ ಗೇಟಿನ ವಾಚ್‌ಮನ್‌ನನ್ನು ಕೇಳಿ. ಹಿಂದಿರುಗಿದ ಮೇಲೆ ಪಟ್ಟಿಯನ್ನು ಹೊಸದಾಗಿ ಮಾಡಿ, ಈ ಸಲ ಬರೆಯುವ ಕೆಲಸವನ್ನು ನಿಮ್ಮ ಪತ್ನಿಯವರಿಗೆ ಬಿಡಿ. ಅವರು ಒಪ್ಪಿದರೆ ಅದನ್ನು ನಮಗೆ ಕಳುಹಿಸಿ. ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.

– ಸಂಪಾದಕ