ಕೊನೆಯ ನಿಮಿಷದಲ್ಲಿ ದಾರಿ ಬಿಟ್ಟುಕೊಟ್ಟದ್ದೇಕೆ?

ಪ್ರಶ್ನೆ: 2012ರ ಫೆಬ್ರವರಿಯಲ್ಲಿ ನಡೆದ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್) ಪಂದ್ಯದ ಕೊನೆಯ ಭಾಗವನ್ನು ಈಚೆಗೆ ನೋಡಿದೆ. ಅಂಕಗಳಲ್ಲಿ ಮುಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಟಗಾರರು ಅಡ್ಡಗಟ್ಟದೆ ಸರಿದು ನಿಂತರು. ಚೆಂಡು ಹಿಡಿದು ನುಗ್ಗಿದ ನ್ಯೂಯಾರ್ಕ್ ಜೈಂಟ್ಸ್‌ನ ಅಹ್ಮದ್ ಬ್ರಾಡ್‌ಶಾ ಗೋಲ್ ಗೆರೆಯ ಹತ್ತಿರ ನಿಲ್ಲಲು ಹೋಗಿ, ಆಯತಪ್ಪಿ ಹಿಮ್ಮುಖವಾಗಿ ಒಳಗೆ ಕುಸಿದು ಟಚ್‌ಡೌನ್ (ಚೆಂಡನ್ನು ಆ ಗೆರೆ ದಾಟಿಸಿ ಪಡೆಯುವ ಆರು ಅಂಕ) ಗಳಿಸಿದರು. ತಡೆಯುವವರಿಗೆ ತಡೆಯುವ ಮನಸ್ಸಿಲ್ಲ, ಗಳಿಸುವವರಿಗೆ ಗಳಿಸುವ ಮನಸ್ಸಿಲ್ಲ; ಇದೆಂಥ ಆಟ?

ಉತ್ತರ: ಆ ಕ್ಷಣದ ಲೆಕ್ಕವನ್ನು ಬಿಡಿಸಿದರೆ ಎರಡೂ ಕಡೆಯ ವರ್ತನೆ ಅರ್ಥವಾಗುತ್ತದೆ. ಪೇಟ್ರಿಯಟ್ಸ್ 17–15ರಿಂದ ಮುಂದಿತ್ತು. ಜೈಂಟ್ಸ್ ಗೆರೆಯಿಂದ ಆರು ಗಜ ದೂರದಲ್ಲಿ ಎರಡನೆಯ ಡೌನ್ (ಚೆಂಡು ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಎರಡನೆಯದು) ಆಡಲು ನಿಂತಾಗ ಉಳಿದಿದ್ದುದು 1 ನಿಮಿಷ 4 ಸೆಕೆಂಡು, ಪೇಟ್ರಿಯಟ್ಸ್ ಬಳಿಯಿದ್ದುದು ಗಡಿಯಾರ ನಿಲ್ಲಿಸುವ ಒಂದೇ ಟೈಮ್‌ಔಟ್. ಓಟಗಾರ ಮೈದಾನದೊಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ, ಮುಂದಿನ ಆಟ ಆರಂಭಿಸಲು 40 ಸೆಕೆಂಡುಗಳವರೆಗೆ ಕಾಯಬಹುದು. ಬ್ರಾಡ್‌ಶಾ ಗೆರೆಗಿಂತ ಒಂದು ಗಜ ಈಚೆಗೆ ಮಂಡಿಯೂರಿ ಆಟ ನಿಲ್ಲಿಸಿದ್ದರೆ ಎದುರಾಳಿಯ ಕೊನೆಯ ಟೈಮ್‌ಔಟ್ ಅಲ್ಲಿಗೆ ಮುಗಿಯುತ್ತಿತ್ತು. ಮೂರನೆಯ ಡೌನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಈಲೈ ಮ್ಯಾನಿಂಗ್ ಮಂಡಿಯೂರಿ ಆ 40 ಸೆಕೆಂಡುಗಳನ್ನೂ ಕರಗಿಸಿ, ಹತ್ತು ಹನ್ನೆರಡು ಸೆಕೆಂಡು ಉಳಿದಾಗ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಮೂರು ಅಂಕ) ಒದೆಸಿ 18–17 ಮಾಡಬಹುದಿತ್ತು. ಆಮೇಲೆ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಕೈಗೆ ಚೆಂಡು ಬಂದರೂ ಒಂದೋ ಎರಡೋ ಎಸೆತಕ್ಕಷ್ಟೇ ಸಮಯ. ಮ್ಯಾನಿಂಗ್ 'ಗಳಿಸಬೇಡ' ಎಂದು ಕೂಗಿದ್ದೂ, ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಆರು ಅಂಕ ತೆತ್ತು 57 ಸೆಕೆಂಡುಗಳನ್ನು ಕೊಂಡುಕೊಂಡದ್ದೂ ಇದೇ ಲೆಕ್ಕದಿಂದ.

ಹಾಗೆಂದು ಬ್ರಾಡ್‌ಶಾ ಅವರ ಎಡವಟ್ಟು ದುಬಾರಿಯಾಗಿತ್ತು ಎನ್ನಲು ನನಗೆ ಮನಸ್ಸಿಲ್ಲ. ಹತ್ತಿರದ ಫೀಲ್ಡ್ ಗೋಲ್ ಖಚಿತವೆಂದು ನಾವು ಭಾವಿಸುತ್ತೇವೆ, ಆದರೆ ಕೇವಲ ಎರಡು ವಾರ ಹಿಂದೆ ಇದೇ ಪೇಟ್ರಿಯಟ್ಸ್ ವಿರುದ್ಧ ಬಾಲ್ಟಿಮೋರ್ ರೇವನ್ಸ್‌ನ ಬಿಲ್ಲಿ ಕಂಡಿಫ್ 32 ಗಜಗಳ ಒದೆತವನ್ನು ಕೊನೆಯ ಸೆಕೆಂಡುಗಳಲ್ಲಿ ಹೊರಗೆ ಕಳಿಸಿ, ಸಮ ಮಾಡುವ ಅವಕಾಶವನ್ನು ಕಳೆದುಕೊಂಡಿದ್ದರು. ಟಚ್‌ಡೌನ್ ಆದ ಮೇಲೆ ಎರಡು ಅಂಕಗಳ ಹೆಚ್ಚುವರಿ ಯತ್ನ ವಿಫಲವಾದರೂ ಅಂಕ 21–17 ಆಯಿತು, ಬ್ರೇಡಿಗೆ ಫೀಲ್ಡ್ ಗೋಲ್ ಉಪಯೋಗಕ್ಕೆ ಬಾರದಾಯಿತು.

ನನ್ನ ಆಕ್ಷೇಪವೇನಿದ್ದರೂ ಬೆಲಿಚಿಕ್ ಅವರ ತಡದ ಬಗ್ಗೆ. ಹಿಂದಿನ ಡೌನ್‌ನಲ್ಲಿ ಅವರ ತಂಡ ಬ್ರಾಡ್‌ಶಾ ಅವರನ್ನು ಒಂದೇ ಗಜಕ್ಕೆ ಕೆಡವಿ, ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಖರ್ಚು ಮಾಡಿತ್ತು. ಆಗಲೇ ದಾರಿ ಬಿಟ್ಟಿದ್ದರೆ ಸಮಯದಲ್ಲಿ ಹೆಚ್ಚು ಲಾಭವಾಗದಿದ್ದರೂ ಕೈಯಲ್ಲಿ ಎರಡು ಟೈಮ್‌ಔಟ್ ಇರುತ್ತಿದ್ದವು. ಉಳಿದಿದ್ದ ಒಂದು, ಜೈಂಟ್ಸ್‌ನ ಜಸ್ಟಿನ್ ಟಕ್, ಬ್ರೇಡಿ ಚೆಂಡೆಸೆಯುವ ಮೊದಲೇ ಅವರನ್ನು ಕೆಡವಿದಾಗ ಮುಗಿದುಹೋಯಿತು. ಆಮೇಲೆ ಬ್ರೇಡಿಯ ಕೊನೆಯ ನೀಳ ಎಸೆತ ಗುಂಪಿನ ಕೈಗಳಿಗೆ ತಗುಲಿ ನೆಲಕ್ಕೆ ಬಿತ್ತು.