ಹಾಲಿಗೆ ಬಿದ್ದ ನೀರು

ಪ್ರಶ್ನೆ: ಹನ್ನೊಂದು ವರ್ಷಗಳಿಂದ ವೇದಿಕೆಯಲ್ಲಿ ಡ್ರಮ್ಸ್ ನುಡಿಸುತ್ತಿದ್ದೇನೆ. ಈಗ ನಮ್ಮ ತಂಡದ ಮೊದಲ ರೆಕಾರ್ಡಿಂಗ್ ನಡೆಯುತ್ತಿದೆ. ‘ಸಿಂಬಲ್ (ಲೋಹದ ತಟ್ಟೆ) ಮೆಲ್ಲಗೆ’, ‘ಇಲ್ಲಿ ಫಿಲ್ (ಸಾಲುಗಳ ನಡುವೆ ತುಂಬುವ ಚುರುಕಿನ ಬಾರಿಸುವಿಕೆ) ಬೇಡ’ ಎಂದು ಸೌಂಡ್ ಎಂಜಿನಿಯರ್ ಎಲ್ಲರ ಹೆಡ್‌ಫೋನಿಗೂ ಕೇಳುವಂತೆ ತಿದ್ದುತ್ತಾರೆ. ಬೇಸ್ ಗಿಟಾರ್ ನುಡಿಸುವ ಗೆಳೆಯನೂ ಅವರ ಪರ. ನಿನ್ನೆ ಸ್ಟಿಕ್ ಎಸೆದು ಎದ್ದುಬಂದೆ. ಮತ್ತೆ ಹೋಗಲೇ?

ಉತ್ತರ: ಹೋಗಿ. ಆದರೆ ನೇರವಾಗಿ ಡ್ರಮ್ಸ್ ಹತ್ತಿರ ಹೋಗಬೇಡಿ. ಕಂಟ್ರೋಲ್ ರೂಮಿನಲ್ಲಿ ಕುಳಿತು ನಿನ್ನೆ ರೆಕಾರ್ಡ್ ಮಾಡಿದ ಟೇಕ್ ಕೇಳಿ. ನಿಮ್ಮ ಕಿವಿಗೆ ಬೀಳುವುದೇ ಬೇರೆ, ಮೈಕಿಗೆ ಬೀಳುವುದೇ ಬೇರೆ. ಸ್ನೇರ್ ಡ್ರಮ್‌ಗೆಂದು ಇಟ್ಟ ಮೈಕಿಗೂ ಟಾಮ್ ಡ್ರಮ್‌ಗೆಂದು ಇಟ್ಟ ಮೈಕಿಗೂ ಸಿಂಬಲ್ ನುಗ್ಗುತ್ತದೆ. ಎಲ್ಲ ಸದ್ದುಗಳನ್ನೂ ಬೆರೆಸುವ ಮಿಕ್ಸಿಂಗ್ ವೇಳೆ ಸ್ನೇರ್ ಏರಿಸಿದರೆ ಅದರ ಬೆನ್ನಿಗೇ ಸಿಂಬಲ್ಲೂ ಏರುತ್ತದೆ. ಆಮೇಲೆ ಬೇರ್ಪಡಿಸಲು ಹೊರಡುವುದು ಹಾಲಿಗೆ ಬಿದ್ದ ನೀರನ್ನು ಹೆಕ್ಕಿದಂತೆ. ಕಿಕ್ (ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ ಗಟ್ಟಿಯಾಗಿ, ಲೋಹ ಹಗುರವಾಗಿ: ಈ ಹದ ನಿಮ್ಮ ಕೈಯಿಂದಲೇ ಬರಬೇಕು.

ಅಂದಹಾಗೆ, ಹೆಡ್‌ಫೋನಿನಲ್ಲಿ ನಿಮ್ಮ ವಾದ್ಯ ನಿಮಗೇ ಸರಿಯಾಗಿ ಕೇಳುತ್ತಿದೆಯೇ? ಕೇಳದವರು ತಿಳಿಯದೆಯೇ ಜೋರಾಗಿ ಬಾರಿಸುತ್ತಾರೆ. ಲಯ ತೋರುವ ಕ್ಲಿಕ್ ಸದ್ದು, ಬೇಸ್, ನಿಮ್ಮ ಕಿಕ್ ಎಷ್ಟೆಷ್ಟು ಬೇಕೆಂದು ಬಾಯಿಬಿಟ್ಟು ಕೇಳಿ. ಅದು ನಿಮ್ಮ ಹಕ್ಕು.

ಗೆಳೆಯ ಪಕ್ಷ ಬದಲಿಸಿದನೆಂದುಕೊಳ್ಳಬೇಡಿ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್ ಎಂದರೆ ಅರ್ಧ ಸೆಕೆಂಡು. ಫಿಲ್‌ನ ಹುಮ್ಮಸ್ಸಿನಲ್ಲಿ ನೀವು ತುಸು ಮುಂದೋಡಿದರೂ, ಅದು ಮುಗಿದ ಕೂಡಲೇ ಬರುವ ಕಿಕ್‌ನ ಜೊತೆ ಬೀಳಬೇಕಾದ ಅವನ ಸ್ವರ ಒಂಟಿಯಾಗುತ್ತದೆ. ಓಡಿದವರು ನೀವು, ತಡವಾದಂತೆ ಕೇಳುವುದು ಅವನು.

ಫಿಲ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಅವರ ಕಡೆಗಿಲ್ಲ. ಮೊದಲು ಅವರು ಕೇಳಿದಂತೆ ಸರಳವಾದ ಒಂದು ಟೇಕ್ ಕೊಡಿ, ಬಳಿಕ ‘ಒಂದು ನನ್ನ ರೀತಿಯಲ್ಲಿ’ ಎನ್ನಿ. ಎರಡನ್ನೂ ಎಲ್ಲರೂ ಕೂತು ಕೇಳಿ. ಹಾಡುಗಾರರ ಸಾಲಿನ ಮೇಲೆ ನಿಮ್ಮ ಫಿಲ್ ಬೀಳುತ್ತಿದ್ದರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮನ್ನು ನಿಜವಾಗಿ ಚುಚ್ಚಿದ್ದು ಸಿಂಬಲ್ ವಿಚಾರವಲ್ಲ, ಎಲ್ಲರೆದುರು ತಿದ್ದಿದ್ದು ಎಂದು ನನ್ನ ಅನುಮಾನ. ಅದನ್ನು ಎಂಜಿನಿಯರ್ ಬಳಿ ಟೇಕ್‌ಗಳ ನಡುವೆಯಲ್ಲ, ಬಿಡುವಿನಲ್ಲಿ ಒಬ್ಬರೇ ಹೋಗಿ ಹೇಳಿ. ಸ್ಟಿಕ್ ಎಸೆದದ್ದಕ್ಕೆ ಗೆಳೆಯನ ಕ್ಷಮೆ ಕೇಳಿ. ನಾಳೆ ಅರ್ಧ ಗಂಟೆ ಮುಂಚೆ ಹೋಗಿ, ಕಿಕ್ ಪೆಡಲ್ ಕಿರುಗುಟ್ಟುತ್ತಿದ್ದರೆ ಎಣ್ಣೆ ಬಿಡಿ. ಆ ಸದ್ದೂ ಮೈಕಿಗೆ ಕೇಳುತ್ತದೆ.