ಮೂರನೇ ಕೋರ್ಟಿನ ಪಾಯಿಂಟೂ ಒಂದು ಪಾಯಿಂಟೇ

ಚಿಕಾಗೋ ಕಡೆ ಬಂದು ನಾಲ್ಕು ತಿಂಗಳಾಯಿತು, ಗಂಡ ಆಫೀಸಿಗೆ ಹೋದ ಮೇಲೆ ಸಂಜೆಯವರೆಗೂ ಮನೆಯಲ್ಲಿ ಮಾತೇ ಇಲ್ಲ, ಪಕ್ಕದ ಮನೆಯವರು ತಮ್ಮ ಟೆನಿಸ್ ಟೀಮಿಗೆ ಡಬಲ್ಸ್ ಆಡಲು ಕರೆಯುತ್ತಿದ್ದಾರೆ, ಆದರೆ ಕಾಲೇಜಿನಲ್ಲಿ ಸ್ವಲ್ಪ ಆಡಿದ್ದು ಬಿಟ್ಟರೆ ಅಭ್ಯಾಸ ಇಲ್ಲ, "ನನ್ನಿಂದ ಅವರು ಸೋತರೆ ಏನು ಮಾಡಲಿ ಅಕ್ಕಾ" ಅಂತ ಕೇಳಿದ್ದೀಯ. ಅಕ್ಕಾ ಅಂದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಹೋಗು. ಇವತ್ತೇ ಹೂಂ ಅನ್ನು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಾನು ಚಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಬಂದದ್ದು 2003ರಲ್ಲಿ. ಆಗ ಎಚ್-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಯಾಗಿ ಬಂದವರಿಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಕೆಲವರಿಗಾದರೂ ಅದು ಸಿಕ್ಕಿದ್ದು 2015ರಲ್ಲಿ. ಕನ್ನಡ ಕೂಟ ಇತ್ತು, ಯುಗಾದಿಗೆ, ದೀಪಾವಳಿಗೆ ಹೋಗುತ್ತಿದ್ದೆವು, ಅಲ್ಲಿ ಸಿಕ್ಕ ಗೆಳತಿಯರು ಇವತ್ತಿಗೂ ನನ್ನವರೇ. ಆದರೆ ಅದು ಹಬ್ಬದ ದಿನದ ಮಾತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನನಗಾಗಿ ಕಾಯುವವರು ಈ ಊರಲ್ಲಿ ಒಬ್ಬರೂ ಇರಲಿಲ್ಲ. ನಾನು ಬರದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಂಟಿತನಕ್ಕಿಂತ ಅದೇ ನನ್ನನ್ನು ಜಾಸ್ತಿ ಕೊರೆಯುತ್ತಿತ್ತು.

ಡಬಲ್ಸ್ ಟೀಮ್ ಮಾಡಿದ್ದು ಅದನ್ನೇ. ನಾನು ಬರದಿದ್ದರೆ ಒಂದು ಕೋರ್ಟ್ ಖಾಲಿ ಬೀಳುತ್ತದೆ, ಆಡದೆಯೇ ಆ ಪಾಯಿಂಟ್ ಎದುರಿನವರಿಗೆ ಹೋಗುತ್ತದೆ.

ಇಲ್ಲಿನ ಲೀಗ್ ಹೇಗೆ ನಡೆಯುತ್ತದೆ ಅಂತ ನಿನ್ನ ನೆರೆಯವರು ಹೇಳಿರಬಹುದು, ಆದರೂ ಕೇಳು. ಯುಎಸ್‌ಟಿಎ ಅಂತ ಅಮೆರಿಕದ ಟೆನಿಸ್ ಸಂಸ್ಥೆ ಇದೆ. ನಮ್ಮಂತಹ ಸಾಮಾನ್ಯ ಆಟಗಾರರಿಗಾಗಿ ಅವರು 1980ರಿಂದ ಲೀಗ್ ನಡೆಸುತ್ತಿದ್ದಾರೆ. ಪ್ರತಿಯೊಬ್ಬರಿಗೂ ಒಂದು ರೇಟಿಂಗ್ ಇರುತ್ತದೆ, 2.5, 3.0, 3.5 ಹೀಗೆ ಅರ್ಧರ್ಧ ಮೆಟ್ಟಿಲು. ಹೊಸಬರು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟು ತಮ್ಮ ರೇಟಿಂಗ್ ತಾವೇ ಹಾಕಿಕೊಳ್ಳಬೇಕು. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆ. ಸುಲಭವಾಗಿ ಗೆಲ್ಲಲಿ ಅಂತ ಬೇಕೆಂದೇ ಕೆಳಗಿನ ಮಟ್ಟ ಹಾಕಿಕೊಂಡವರನ್ನು ಸೀಸನ್ ಮಧ್ಯದಲ್ಲೇ ಆ ಮಟ್ಟದಿಂದ ಹೊರಗೆ ಹಾಕುತ್ತಾರೆ. ಹಾಗಂತ ಸಂಕೋಚ, ಭಯದಿಂದಲೂ ಕೆಳಗೆ ಹಾಕಿಕೊಳ್ಳಬೇಡ. ಆಮೇಲೆ ನೀನು ಆಡಿದ ಪಂದ್ಯಗಳ ಸ್ಕೋರ್ ನೋಡಿ ವರ್ಷದ ಕೊನೆಗೆ ಅವರೇ ಹೊಸ ರೇಟಿಂಗ್ ಕೊಡುತ್ತಾರೆ.

18 ದಾಟಿದವರ ಲೀಗಿನಲ್ಲಿ ಹೆಚ್ಚಿನ ಕಡೆ ಒಂದು ಟೀಮ್ ಪಂದ್ಯ ಅಂದರೆ ಎರಡು ಸಿಂಗಲ್ಸ್, ಮೂರು ಡಬಲ್ಸ್. ಒಟ್ಟು ಐದು ಕೋರ್ಟ್, ಎಂಟು ಜನ. ಗೆದ್ದ ಪ್ರತಿ ಕೋರ್ಟಿಗೂ ಟೀಮಿಗೆ ಒಂದು ಪಾಯಿಂಟ್, ಮೂರು ಕೋರ್ಟ್ ಗೆದ್ದ ಟೀಮ್ ಪಂದ್ಯ ಗೆದ್ದ ಹಾಗೆ. ಈಗ ನಿನ್ನ ಭಯಕ್ಕೆ ಉತ್ತರ ಇಲ್ಲಿದೆ ನೋಡು. ಹೊಸಬಳಾದ ನಿನ್ನನ್ನು ಕ್ಯಾಪ್ಟನ್ ಬಹುಶಃ ಮೂರನೇ ಡಬಲ್ಸ್‌ಗೆ ಹಾಕುತ್ತಾರೆ. ಮೂರನೇ ಕೋರ್ಟಿನ ಪಾಯಿಂಟೂ ಒಂದು ಪಾಯಿಂಟೇ, ಮೊದಲನೆಯದಕ್ಕಿಂತ ಒಂದು ಗುಲಗಂಜಿಯೂ ಕಡಿಮೆ ತೂಗುವುದಿಲ್ಲ. ನೀನು ಸೋತರೆ ಉಳಿದ ನಾಲ್ಕು ಕೋರ್ಟ್ ಇವೆ. ನೀನು ಗೆದ್ದರೆ ಮೊದಲ ಕೋರ್ಟಿನಲ್ಲಿ ಸೋತು ಬಂದವಳು ಓಡಿ ಬಂದು ನಿನ್ನನ್ನು ತಬ್ಬಿಕೊಳ್ಳುತ್ತಾಳೆ. ನನಗೆ ಹಾಗೆ ಆಗಿದೆ.

ನನ್ನ ಮೊದಲ ಜೊತೆಗಾರ್ತಿ ಅರವತ್ತು ದಾಟಿದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮೊದಲ ಪಂದ್ಯದಲ್ಲಿ ಪ್ರತಿ ತಪ್ಪಿಗೂ ನಾನು ಸಾರಿ, ಸಾರಿ ಅನ್ನುತ್ತಿದ್ದೆ. ಬದಿ ಬದಲಿಸುವಾಗ ಅವರು ನನ್ನನ್ನು ನಿಲ್ಲಿಸಿ, ಸಾರಿ ಬೇಡ, ಮುಂದಿನ ಚೆಂಡಿಗೆ ನೀನು ಎಲ್ಲಿ ನಿಲ್ಲುತ್ತೀಯ ಅದನ್ನು ಹೇಳು ಅಂದರು. ಡಬಲ್ಸ್‌ನಲ್ಲಿ ನಾನು ಕಲಿತ ಮೊದಲ ಪಾಠ ಅದು. ಜೊತೆಗಾರ್ತಿಗೆ ನಿನ್ನ ಪಶ್ಚಾತ್ತಾಪದಿಂದ ಏನೂ ಉಪಯೋಗ ಇಲ್ಲ, ನೀನು ಎಲ್ಲಿದ್ದೀಯ ಅನ್ನುವುದು ಗೊತ್ತಾಗಬೇಕು.

ಎರಡನೇ ಪಾಠ ಕಷ್ಟದ್ದು. ಅದನ್ನು ಆ ಜೊತೆಗಾರ್ತಿಗೆ ಬಿಟ್ಟರೆ ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಮ್ಮ ಮಟ್ಟದಲ್ಲಿ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ನಾವೇ ಹೇಳಬೇಕು, ಸಂಶಯ ಇದ್ದರೆ ಒಳಗೆ ಅಂತಲೇ ಲೆಕ್ಕ. ಜೋಡಿಯಲ್ಲಿ ಒಬ್ಬಳು ಔಟ್ ಅಂದು ಇನ್ನೊಬ್ಬಳ ಕಣ್ಣಿಗೆ ಅದು ಒಳಗೆ ಬಿದ್ದಂತೆ ಕಂಡಿದ್ದರೆ, ನಿಯಮದ ಪ್ರಕಾರ ಚೆಂಡು ಒಳಗೆ. ಆ ಸೀಸನ್ನಿನ ನಾಲ್ಕನೇ ಪಂದ್ಯ. ಟೀಮ್ ಎರಡು-ಎರಡು ಸಮ. ಉಳಿದದ್ದು ನಮ್ಮ ಕೋರ್ಟ್ ಮಾತ್ರ, ಅಲ್ಲೂ ಒಂದೊಂದು ಸೆಟ್ ಆಗಿ, ಮೂರನೇ ಸೆಟ್ಟಿನ ಬದಲು ಆಡುವ ಹತ್ತು ಪಾಯಿಂಟಿನ ಟೈಬ್ರೇಕ್ ನಡೆಯುತ್ತಿತ್ತು. ಆಟ ಮುಗಿಸಿದವರೆಲ್ಲ ಬಂದು ಬೇಲಿಯ ಹಿಂದೆ ನಿಂತಿದ್ದರು. ಎಂಟು-ಎಂಟು. ಎದುರಿನವರು ನಮ್ಮ ತಲೆ ಮೇಲಿಂದ ಎತ್ತಿ ಹೊಡೆದ ಚೆಂಡು ನಮ್ಮ ಹಿಂದಿನ ಗೆರೆಯ, ಅಂದರೆ ಬೇಸ್‌ಲೈನ್ ಮೇಲೆ ಬಿತ್ತು. ಗೆರೆಯ ಅಂಚನ್ನು ಅದು ಮುಟ್ಟಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಹಿಂದಕ್ಕೆ ಓಡುತ್ತಿದ್ದ ನನ್ನ ಜೊತೆಗಾರ್ತಿ ಔಟ್ ಅಂತ ಕೂಗಿದರು. ಅವರ ಕಣ್ಣಿಗೆ ಹಾಗೇ ಕಂಡಿತ್ತು, ಮೋಸ ಮಾಡುವವರಲ್ಲ. ನಾನು ಬಾಯಿ ತೆರೆಯಲಿಲ್ಲ. ದೊಡ್ಡವರು, ನನ್ನನ್ನು ಟೀಮಿಗೆ ಕರೆತಂದವರು, ಎಲ್ಲರ ಮುಂದೆ ಅವರ ಮಾತಿಗೆ ಎದುರಾಡುವುದು ಹೇಗೆ ಅಂತ ಸುಮ್ನೆ ನಿಂತೆ. ಮುಂದಿನ ಪಾಯಿಂಟನ್ನೂ ಗೆದ್ದೆವು. ಹತ್ತು-ಎಂಟು. ಎಲ್ಲರೂ ಕುಣಿದರು. ನನಗೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಒಂದು ವಾರ ಇಟ್ಟುಕೊಂಡು ಆಮೇಲೆ ಅವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರಿಗೆ ನೋವಾಯಿತು, ಆದರೆ ಪಂದ್ಯದ ಬಗ್ಗೆ ಅಲ್ಲ. ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ನೀವು ದೊಡ್ಡವರು ಅಂದೆ. ಕೋರ್ಟಿನೊಳಗೆ ನಾನು ದೊಡ್ಡವಳಲ್ಲ, ನಿನ್ನ ಅರ್ಧ ಅಂದರು. ಓಡುವಾಗ ನನ್ನ ಕಣ್ಣು ಅಲುಗಾಡುತ್ತದೆ, ನಿಂತಿದ್ದ ನಿನ್ನ ಕಣ್ಣು ನನಗೆ ಬೇಕಿತ್ತು ಅಂದರು. ಎದುರಿನ ಟೀಮಿನ ಕ್ಯಾಪ್ಟನ್‌ಗೆ ಅವರೇ ಫೋನ್ ಮಾಡಿ ಹೇಳಿದರು. ಸ್ಕೋರ್ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಆಮೇಲೆ ಆರು ವರ್ಷ ನಾವಿಬ್ಬರೂ ಜೊತೆಯಲ್ಲಿ ಆಡಿದೆವು. ನಾನು ಒಳಗೆ ಅಂದಾಗಲೆಲ್ಲ ಅವರು ತಿರುಗಿ ಕೂಡ ನೋಡದೆ ಪಾಯಿಂಟ್ ಬಿಟ್ಟುಕೊಡುತ್ತಿದ್ದರು.

ಇಷ್ಟು ಉದ್ದ ಬರೆದದ್ದು ಯಾಕೆಂದರೆ, ನಮ್ಮ ಕಡೆಯ ಹೆಣ್ಣುಮಕ್ಕಳು ಇಲ್ಲಿಗೆ ಬಂದ ಮೊದಲ ವರ್ಷ ಎಲ್ಲ ಕಡೆ ಹೀಗೇ ಸುಮ್ಮನಿರುತ್ತೇವೆ. ಡಾಕ್ಟರ್ ಹತ್ತಿರ, ಮಕ್ಕಳ ಶಾಲೆಯಲ್ಲಿ, ಅಂಗಡಿಯಲ್ಲಿ. ಅದು ಮರ್ಯಾದೆ ಅಂದುಕೊಂಡಿರುತ್ತೇವೆ. ಎದುರಿಗಿರುವವರು ಅದನ್ನು ಇವಳಿಗೆ ಹೇಳುವುದೇನೂ ಇಲ್ಲ ಅಂತ ತಿಳಿದುಕೊಳ್ಳುತ್ತಾರೆ. ನನಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಕಂಡದ್ದನ್ನು ಆ ಕ್ಷಣದಲ್ಲೇ ಬಾಯಿಬಿಟ್ಟು ಹೇಳುವುದು ಬರುತ್ತಿರಲಿಲ್ಲ. ಅದು ಬಂದದ್ದು ಕೋರ್ಟಿನ ಮೇಲೆ.

ಆಟದ ಬಗ್ಗೆ ಎರಡು ಮಾತು. ಡಬಲ್ಸ್ ಕೋರ್ಟ್ 36 ಅಡಿ ಅಗಲ, ಸಿಂಗಲ್ಸ್‌ಗಿಂತ ಒಂಬತ್ತೇ ಅಡಿ ಜಾಸ್ತಿ, ಅದನ್ನು ಕಾಯುವವರು ಇಬ್ಬರು. ಹಾಗಾಗಿ ಜೋರಾಗಿ ಹೊಡೆಯುವವಳಿಗಿಂತ ಸರಿಯಾದ ಜಾಗದಲ್ಲಿ ನಿಲ್ಲುವವಳಿಗೆ ಬೆಲೆ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ. ಗಾಬರಿ ಆದಾಗ ನಡುವೆ ಹೊಡೆ. ಅಲ್ಲಿ ನೆಟ್ ತಗ್ಗು, ಎದುರಿನ ಇಬ್ಬರಿಗೂ ಇದು ನಂದೋ ನಿಂದೋ ಅಂತ ಗೊಂದಲ. ಅದೇ ಗೊಂದಲ ನಿಮಗೆ ಆಗದ ಹಾಗೆ ನಡುವಿನ ಚೆಂಡು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಚೆಂಡು ಹೊಡೆಯದೆ ನೆಟ್ ಹತ್ತಿರ ನಿಂತಿರುವವಳು ಸುಮ್ನೆ ನಿಂತಿದ್ದಾಳೆ ಅಂದುಕೊಳ್ಳಬೇಡ, ಎಷ್ಟೋ ಪಾಯಿಂಟ್‌ಗಳು ಅವಳು ಒಂದು ಹೆಜ್ಜೆ ಅತ್ತಿತ್ತ ಸರಿದಿದ್ದರಿಂದಲೇ ಬರುತ್ತವೆ. ವಯಸ್ಸಿನ ಚಿಂತೆಯೂ ಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅವತ್ತು ಬೆಳಿಗ್ಗೆ ನಾನು ಟಿವಿ ಮುಂದೆ ಅತ್ತಿದ್ದೇನೆ.

ಕಹಿಯೂ ಇದೆ, ಮುಚ್ಚಿಡುವುದಿಲ್ಲ. ಒಂದು ಟೀಮಿನಲ್ಲಿ ಇಡೀ ಸೀಸನ್ ನನ್ನನ್ನು ಒಂದೇ ಒಂದು ಪಂದ್ಯಕ್ಕೆ ಹಾಕಿದರು. ಕಾರಣ ಕೇಳಿದೆ, ಸರಿಯಾದ ಉತ್ತರ ಬರಲಿಲ್ಲ, ಟೀಮ್ ಬದಲಿಸಿದೆ. ಅಷ್ಟೇ. ಅಳುತ್ತಾ ಕೂರಬೇಡ, ಟೀಮುಗಳು ಬೇಕಾದಷ್ಟಿವೆ. ಚಳಿಗಾಲದಲ್ಲಿ ಒಳಾಂಗಣ ಕೋರ್ಟಿನಲ್ಲೇ ಆಡಬೇಕು, ಅದರ ಬಾಡಿಗೆ ಹಂಚಿಕೊಳ್ಳುತ್ತಾರೆ, ತಲೆಗೆ ಎಷ್ಟು ಬೀಳುತ್ತದೆ ಅಂತ ಸೇರುವ ಮೊದಲೇ ಕೇಳು, ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಕ್ಯಾಪ್ಟನ್ ಯಾವ ದಿನ ಬರುತ್ತೀಯ ಅಂತ ಮೆಸೇಜ್ ಹಾಕಿದರೆ ಅವತ್ತೇ ಉತ್ತರ ಕೊಡು. ಆಗಲ್ಲ ಅಂತಿದ್ದರೆ ಆಗಲ್ಲ ಅನ್ನು. ನೋಡೋಣ, ಪ್ರಯತ್ನಿಸುತ್ತೇನೆ ಅಂತ ನಮ್ಮ ಕಡೆ ಹೇಳುವ ಹಾಗೆ ಹೇಳಬೇಡ, ಇಲ್ಲಿ ಅದನ್ನು ಬರುತ್ತೇನೆ ಅಂತಲೇ ತಿಳಿದುಕೊಂಡು ನಿನಗೆ ಕೋರ್ಟ್ ಇಟ್ಟುಬಿಡುತ್ತಾರೆ. ಪಂದ್ಯ ಮುಗಿದ ತಕ್ಷಣ ಕಾರಿನ ಕಡೆ ಓಡಬೇಡ. ಕೊನೆಯ ಕೋರ್ಟ್ ಮುಗಿಯುವವರೆಗೆ ನಿಂತು ನೋಡು, ಚಪ್ಪಾಳೆ ಹೊಡಿ. ಕನ್ನಡ ಕೂಟದವರನ್ನು ಬಿಟ್ಟರೆ ನನಗೆ ಈ ಊರಲ್ಲಿ ಸಿಕ್ಕ ಗೆಳೆತನವೆಲ್ಲ ಆ ಬೇಲಿಯ ಹಿಂದೆ ಶುರುವಾದದ್ದು. ಮೊದಲ ಮಗು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ, ಹದಿನೈದು ದಿನ ಸರದಿ ಹಾಕಿಕೊಂಡು ಮನೆಗೆ ಬಂದವರು ಆ ಟೀಮಿನವರೇ.

ಆ ಮೇಷ್ಟ್ರಮ್ಮ ಈಗ ಮಗಳ ಊರಿಗೆ ಹೋಗಿದ್ದಾರೆ, ಮೊಣಕಾಲು ನೋವು, ಆಡುವುದಿಲ್ಲ. ಅವರ ತಲೆ ಮೇಲೆ ಹೋಗುವ ಚೆಂಡು ಹೊರಗೆ ಬೀಳುತ್ತದೆ ಅನ್ನಿಸಿದಾಗ ನನ್ನ ಬಾಯಿಗೆ ಮೊದಲು ಬರುತ್ತಿದ್ದದ್ದು ಕನ್ನಡವೇ, "ಬಿಡಿ!" ಅಂತ ಕೂಗುತ್ತಿದ್ದೆ. ಎರಡನೇ ವರ್ಷ ಅವರೂ ನನಗೆ ಹಾಗೇ ಕೂಗಲು ಶುರು ಮಾಡಿದರು, ಬಹುವಚನದಲ್ಲೇ. ಇಡೀ ಟೀಮೇ ಕಲಿಯಿತು. ಇವತ್ತಿಗೂ ನಮ್ಮ ಕೋರ್ಟುಗಳಲ್ಲಿ ಆ ಮಾತು ಕೇಳಿಸುತ್ತದೆ.

ಜೂನ್ ಬಂದರೆ ಇಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕಿರುತ್ತದೆ, ಪಾರ್ಕಿನ ಕೋರ್ಟಿನಲ್ಲಿ ಅಭ್ಯಾಸ ಮಾಡಬಹುದು. ನಿನಗೆ ಬಲಬದಿ ಇಷ್ಟವೋ ಎಡಬದಿಯೋ ಅಂತ ಕ್ಯಾಪ್ಟನ್ ಮೊದಲೇ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಎರಡೂ ಕಡೆ ಆಡಿಸಿ ನೋಡುತ್ತಾರೆ. ಮೊದಲ ಪಂದ್ಯ ಆದ ಮೇಲೆ ಹೇಗಾಯಿತು ಅಂತ ನನಗೆ ಬರೆ.